ಸಂಘದ ಚರಿತ್ರೆಗೆ ಬರದ ನೀರು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಗೌರವಕ್ಕಲ್ಲ, ಭಯಕ್ಕೂ ಅಲ್ಲ. ಒಂದು ಮಧ್ಯಾಹ್ನ, ಒಂದೇ ಒಂದು ತಾಸು, ಅವರು ನನ್ನ ಪೇಶಂಟ್ ಆಗಿದ್ದರು. ಪೇಶಂಟಿನ ಹೆಸರು ಹೊರಗೆ ಹಾಕಬಾರದು ಅನ್ನುವುದು ನಮ್ಮ ಕೆಲಸದ ಧರ್ಮ. ಅವರನ್ನು ಬಲ್ಲವರು ನಾಲ್ಕು ಸಾಲು ಓದುವಷ್ಟರಲ್ಲಿ ಗುರುತು ಹಿಡಿಯುತ್ತಾರೆ. ಹಿಡಿಯಲಿ, ಅದಕ್ಕೆ ನಾನೇನು ಮಾಡಲಿ.

ಹೋದ ತಿಂಗಳು ಸಿಂಧನೂರಿನಲ್ಲಿ ಅವರ ಸಂತಾಪ ಸಭೆ ನಡೆಯಿತು. ಹಾರ ಹಾಕಿದ ಫೋಟೊದಲ್ಲೂ ಅವರ ತುಟಿ ಗಟ್ಟಿಯಾಗಿ ಮುಚ್ಚಿದ್ದವು. ಎರಡು ನಿಮಿಷ ಮೌನ ಮುಗಿದ ಮೇಲೆ ನಮ್ಮ ದಂತವೈದ್ಯರ ಸಂಘದ ಈಗಿನ ಕಾರ್ಯದರ್ಶಿ ನನ್ನ ಹತ್ತಿರ ಬಂದು, "ಮೇಡಮ್ಮೋರ, ನೀವು ಸರ್ ಕೈಯಾಗ ಕೆಲಸ ಕಲ್ತವರು. ಸ್ಮರಣ ಸಂಚಿಕೆ ತರಾಕತ್ತೀವಿ. ಎರಡ ಒಳ್ಳೆ ಮಾತು ಬರದು ಕೊಡ್ರಿ" ಅಂದರು.

"ಎರಡು ಮಾತು ಅದಾವರಿ. ಒಳ್ಳೇವು ಅಲ್ಲ" ಅಂದೆ.

"ಸತ್ತವರ ಮ್ಯಾಲ ಏನು ಸಿಟ್ಟು ಬಿಡ್ರಿ" ಅಂದರು ಅವರು, ಚಹಾದ ಕಪ್ಪು ಕೈಗೆ ಕೊಟ್ಟು.

ಸತ್ತ ಕೂಡಲೇ ಮನುಷ್ಯ ಒಳ್ಳೆಯವನಾಗುವುದಾದರೆ ಬದುಕಿದ್ದಾಗ ಒಳ್ಳೆಯವರಾಗಿರುವ ತ್ರಾಸ ಯಾರು ತೆಗೆದುಕೊಳ್ಳುತ್ತಾರೆ? ಚಹಾ ಕುಡಿದು ಮಸ್ಕಿಗೆ ವಾಪಸ್ ಬಂದೆ. ಸಂಚಿಕೆಗೆ ಏನೂ ಬರೆದು ಕೊಡಲಿಲ್ಲ. ಇದು ಬೇರೆ.

ಅವರು ಸಿಂಧನೂರಿನ ದೊಡ್ಡ ಹಲ್ಲಿನ ಡಾಕ್ಟರು. ಹಲ್ಲು ಕೀಳುವುದಕ್ಕಿಂತ ಭಾಷಣ ಮಾಡುವುದರಲ್ಲಿ ಅವರ ಕೈ ಚೆನ್ನಾಗಿತ್ತು. ನಮ್ಮ ಸಂಘದ ಶಾಖೆಗೆ ವರ್ಷಗಟ್ಟಲೆ ಅವರೇ ಅಧ್ಯಕ್ಷರು. ಬೇರೆಯವರು ಅಧ್ಯಕ್ಷರಾದ ವರ್ಷವೂ ನಡುವಿನ ಕುರ್ಚಿ ಅವರದೇ. ಮೈಕು ಸಿಕ್ಕರೆ ಸಾಕು, ರಾಷ್ಟ್ರಮಟ್ಟದ ಸಂಘದ ಚರಿತ್ರೆಯನ್ನು ಬುಡದಿಂದ ಹಿಡಿಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ನಾಲ್ಕು ಮಂದಿ ಪದವೀಧರರು ಸೇರಿ ಹುಟ್ಟುಹಾಕಿದ್ದು, ಸ್ವಾತಂತ್ರ್ಯ ಬಂದಾಗ ಕಾಯ್ದೆಗಾಗಿ ದಿಲ್ಲಿಗೆ ಓಡಾಡಿದ್ದು, ಓದಿದವರನ್ನು ಓದದವರಿಂದ ಬೇರೆ ಮಾಡಿ ಪಟ್ಟಿ ತಯಾರಿಸಿದ್ದು, ರಾಜ್ಯಕ್ಕೊಂದು ಶಾಖೆ, ಜಿಲ್ಲೆಗೊಂದು ಶಾಖೆ. ರಾಷ್ಟ್ರಾಧ್ಯಕ್ಷರ ಹೆಸರುಗಳನ್ನು ಮೊದಲಿನವರಿಂದ ಇಂದಿನವರ ತನಕ ಮಗ್ಗಿಯ ಹಾಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಕೇಳುತ್ತ ಕೂತ ನಾವು ಊಟದ ಕಡೆ ನೋಡುತ್ತಿದ್ದೆವು.

ಊಟಕ್ಕೆ ಕೂತಾಗ ಅವರದೊಂದು ಪದ್ಧತಿ. ಕಟಕು ರೊಟ್ಟಿಯನ್ನು ಯಾವತ್ತೂ ಹಾಗೇ ಕಡಿಯುತ್ತಿರಲಿಲ್ಲ. ಸಾರಿನಲ್ಲಿ ಮುರಿದು ಹಾಕಿ, ಮೆತ್ತಗಾಗುವ ತನಕ ಕಾದು, ಚಮಚದಿಂದ ತಿನ್ನುತ್ತಿದ್ದರು. ಸೀತಾಫಲ ತಿನ್ನುತ್ತಿದ್ದರು, ಪೇರಲ ಮುಟ್ಟುತ್ತಿರಲಿಲ್ಲ. "ನಾವು ಕಾಲುವಿ ಮಂದಿ. ಅನ್ನ ಉಂಡು ಬೆಳದೋರು. ರೊಟ್ಟಿ ಕಡಿಯೋ ರೂಢಿ ಇಲ್ಲ" ಅನ್ನುತ್ತಿದ್ದರು. ವಳಕಮದಿನ್ನಿ ಕಡೆಯ ಗದ್ದೆ, ಕಾಲುವೆಯ ನೀರು, ಇವು ಅವರ ಮಾತಿನಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದವು. ನಮ್ಮಂಥ ಬೋರಿನ ನೀರಿನ ಊರಿನವರ ಮುಂದೆ ಇನ್ನೂ ಒಂದು ಸಲ ಹೆಚ್ಚು.

ನಮ್ಮೂರು ಪಾಮನಕಲ್ಲೂರಿನ ಆಚೆ, ಕಾಲುವೆ ಕನಸಿನಲ್ಲೂ ಬರದ ಜೋಳದ ಸೀಮೆ. ನಮ್ಮೂರಲ್ಲಿ ಹುಟ್ಟಿದವರ ಹಲ್ಲು ಕಂದು. ಕೆಲವರಿಗೆ ಗೆರೆ, ಕೆಲವರಿಗೆ ಮಚ್ಚೆ, ಕೆಲವರಿಗೆ ಇಡೀ ಹಲ್ಲೇ ತುಕ್ಕು ಹಿಡಿದ ಕಬ್ಬಿಣ. ನಮ್ಮೂರ ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ನಾಚಿಕೆ ಸ್ವಭಾವದವರು ಅಂತ ಹೊರಗಿನವರು ಹೊಗಳುತ್ತಾರೆ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಸಂಘದ ಶಿಬಿರ ನಮ್ಮ ಶಾಲೆಗೆ ಬಂತು. ಬಟ್ಟೆಯ ಬ್ಯಾನರು, ಒಂದು ಜೀಪು, ಪೆಟ್ಟಿಗೆ ತುಂಬ ಹೊಸ ಬ್ರಶ್ಶು. ಬಿಳಿ ಸಫಾರಿ ಹಾಕಿದ್ದ ಅವರು ಮಕ್ಕಳ ಸಾಲಿನ ಮುಂದೆ ಓಡಾಡಿ, ನನ್ನನ್ನು ಆರಿಸಿ, ಬೆಂಚಿನ ಮೇಲೆ ನಿಲ್ಲಿಸಿದರು. ಏನೋ ಬಹುಮಾನ ಕೊಡುತ್ತಾರೆ ಅಂತ ನಾನು ನಗುತ್ತಲೇ ಹತ್ತಿದೆ. ಅವರು ಎರಡು ಬೆರಳಿನಿಂದ ನನ್ನ ಮೇಲ್ದುಟಿಯನ್ನು ಮೂಗಿನ ತನಕ ಎತ್ತಿ ಹಿಡಿದರು.

"ಎಲ್ಲಾರೂ ನೋಡ್ರಿ. ಹಲ್ಲ ತಿಕ್ಕಲಾರದವರ ಬಾಯಿ ಹಿಂಗ ಇರತೈತಿ."

ಇಡೀ ಶಾಲೆ ನೋಡಿತು. ಹಾಗೆ ನೋಡಿದ ಎಲ್ಲರ ಬಾಯೊಳಗೂ ಅವೇ ಹಲ್ಲು ಇದ್ದವು. ಆದರೂ ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದು. ತುಟಿ ಅವರ ಬೆರಳಿನಲ್ಲಿದ್ದದ್ದರಿಂದ "ನಾ ದಿನಾ ತಿಕ್ಕತೀನ್ರಿ" ಅನ್ನಲು ನನಗೆ ಆಗಲಿಲ್ಲ. ಹೆಡ್‌ಮಾಸ್ತರು ಚಪ್ಪಾಳೆ ಹೊಡೆಸಿದರು. ನನಗೆ ಕೆಂಪು ಬ್ರಶ್ಶು ಸಿಕ್ಕಿತು.

ಅವತ್ತಿನಿಂದ ನಾನು ಇಟ್ಟಂಗಿ ಪುಡಿ ಮಾಡಿ ತಿಕ್ಕತೊಡಗಿದೆ. ಬೂದಿ ತಿಕ್ಕಿದೆ, ಉಪ್ಪು ತಿಕ್ಕಿದೆ. ಒಸಡು ಹರಿದು ರಕ್ತ ಬಂದರೆ ಕೊಳೆ ಹೋಗುತ್ತಿದೆ ಅಂತ ಸಂತೋಷಪಡುತ್ತಿದ್ದೆ. ನನ್ನ ಅವ್ವ ನೋಡಿ ಬೈದು, ಕಡೆಗೆ ಅಪ್ಪ ನನ್ನನ್ನು ಲಿಂಗಸುಗೂರಿಗೆ ಕರೆದುಕೊಂಡು ಹೋದ. ಬಸ್‌ಸ್ಟ್ಯಾಂಡಿನ ಗೋಡೆಗೆ ಗೋಣಿತಟ್ಟು ಹಾಸಿ, ಕಟ್ಟುಹಲ್ಲುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಕೂರುತ್ತಿದ್ದ ಮುದುಕನೊಬ್ಬನಿದ್ದ. ಬರೆಯಲು ಓದಲು ಬಾರದವ. ನನ್ನ ಬಾಯಿ ತೆರೆಸಿ ಒಮ್ಮೆ ನೋಡಿದ.

"ಯಾವೂರು ಬೇಟಿ? ಬೋರಿನ ನೀರು ಕುಡೀತೀರಿ ಹೌದಿಲ್ಲೊ? ಇದು ತಿಕ್ಕಿದ್ರ ಹೋಗಾಂಗಿಲ್ಲ. ಒಳಗಿಂದs ಹಿಂಗ ಬಂದೈತಿ. ಕಾಲುವಿ ಊರಿನೋರಿಗೆ ಹಿಂಗ ಇರಾಂಗಿಲ್ಲ, ನಾ ನೋಡೀನಿ. ನೀರು ಖರಾಬ್ ಐತಿ ಸಾಹುಕಾರ, ಕೂಸಿಗೆ ಬೈಬ್ಯಾಡ್ರಿ."

ಅಪ್ಪ ನಂಬಲಿಲ್ಲ. ಸಫಾರಿ ಹಾಕಿದ ಡಾಕ್ಟರ ಮಾತು ಬಿಟ್ಟು ಗೋಣಿತಟ್ಟಿನ ಮೇಲಿನವನ ಮಾತು ಯಾರು ಕೇಳುತ್ತಾರೆ? ಆಮೇಲೆ ಒಂದು ವರ್ಷದೊಳಗೆ ಸಂಘದವರು ದೂರು ಕೊಟ್ಟು ಆ ಮುದುಕನ ಪೆಟ್ಟಿಗೆ ಎತ್ತಿಸಿದರು. ಓದದವನು ಬಾಯಿಗೆ ಕೈ ಹಾಕಬಾರದು; ಕಾಯ್ದೆ ಸರಿಯೇ, ಇವತ್ತು ನಾನೂ ಅದನ್ನೇ ಹೇಳುತ್ತೇನೆ. ಆದರೆ ನಮ್ಮ ಶಾಖೆಯ ಮೊದಲ ಸಾಧನೆ ಅಂತ ಇವರು ಭಾಷಣದಲ್ಲಿ ಹೇಳುತ್ತಿದ್ದದ್ದು ಅದನ್ನೇ. ಇಡೀ ಸೀಮೆಯಲ್ಲಿ ನನಗೆ ನಿಜ ಹೇಳಿದ ಒಬ್ಬನೇ ಒಬ್ಬನನ್ನು ಓಡಿಸಿದ್ದು.

ಮುದುಕ ಹೇಳಿದ್ದೇ ನನಗೆ ದಂತವೈದ್ಯ ಕಾಲೇಜಿನ ಪುಸ್ತಕದಲ್ಲಿ ಸಿಕ್ಕಿತು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ಒಸಡಿನೊಳಗೆ ತಯಾರಾಗುವಾಗಲೇ ಹಲ್ಲು ಕೆಡುತ್ತದೆ. ಹಲ್ಲು ಹೊರಗೆ ಬಂದ ಮೇಲೆ ಏನು ತಿಕ್ಕಿದರೂ ಅಷ್ಟೇ. ಆ ಪುಟವನ್ನು ಹಾಸ್ಟೆಲಿನಲ್ಲಿ ಓದಿ ನಾನು ಅತ್ತೆ. ಅಳು ಬಂದದ್ದು ಹಲ್ಲಿಗಲ್ಲ, ಇಟ್ಟಂಗಿ ಪುಡಿಗೆ.

ಓದು ಮುಗಿಸಿ ಬಂದು ಒಂದು ವರ್ಷ ಸಿಂಧನೂರಿನಲ್ಲಿ ಅವರ ಕ್ಲಿನಿಕ್ಕಿನಲ್ಲೇ ಕೆಲಸ ಮಾಡಿದೆ. ಅವರಿಗೆ ನನ್ನ ನೆನಪಿರಲಿಲ್ಲ. ತುಟಿ ಎತ್ತಿದವರಿಗೆ ಏನು ನೆನಪು, ಎತ್ತಿಸಿಕೊಂಡವರಿಗಷ್ಟೇ. ಮೊದಲ ದಿನವೇ ನನ್ನ ಹಲ್ಲು ನೋಡಿ, "ಇವನ್ನ ಮುಚ್ಚಿಸ್ಕೊ ತಂಗಿ. ಪೇಶಂಟ್ ಏನ್ ತಿಳ್ಕೋತಾರ" ಅಂದರು. ನಾನು ಮುಚ್ಚಿಸಲಿಲ್ಲ. ಇವತ್ತಿಗೂ ಮುಚ್ಚಿಸಿಲ್ಲ. ಕೆಲವು ದಿನ ಕಳೆದು ಧೈರ್ಯ ಮಾಡಿ ಕೇಳಿದೆ.

"ಸರ್, ನಮ್ಮೂರ ಕಡೆ ಹಲ್ಲು ಹಿಂಗ ಆಗೋದು ನೀರಿನಿಂದ. ನಿಮಗ ಗೊತ್ತಿತ್ತಲ್ಲರಿ?"

"ಗೊತ್ತಿರದs ಏನು?"

"ಮತ್ತ ಶಿಬಿರದಾಗ ತಿಕ್ಕಲಾರದಕ್ಕ ಅಂತ ಹೇಳತಿದ್ರಿ."

"ನೀರು ಅಂತ ಹೇಳಿದ್ರ ನೀರು ಎಲ್ಲಿಂದ ತರತಿ? ಬ್ರಶ್ ಅಂದ್ರ ಬ್ರಶ್ ಕೊಡಬಹುದು, ಫೋಟೊ ತಗೀಬಹುದು, ಮಂದಿ ಚಪ್ಪಾಳಿ ಹೊಡೀತಾರ. ನೀ ಸಣ್ಣಾಕಿ, ತಿಳಿಯಾಂಗಿಲ್ಲ."

ನನಗೆ ಆ ಕ್ಷಣವೇ ತಿಳಿಯಿತು. ಅಲ್ಲಿಯವರೆಗೆ ನಾನು ಅವರನ್ನು ದಡ್ಡರು ಅಂದುಕೊಂಡಿದ್ದೆ. ದಡ್ಡರ ಮೇಲೆ ಸಿಟ್ಟು ಬಹಳ ದಿನ ಬಾಳುವುದಿಲ್ಲ. ಗೊತ್ತಿದ್ದೂ ಹೇಳದವರ ಮೇಲಿನದು ಬಾಳುತ್ತದೆ.

ಮಸ್ಕಿಯಲ್ಲಿ ನನ್ನ ಕ್ಲಿನಿಕ್ಕು ಶುರುವಾಗಿ ಕೆಲವು ವರ್ಷಕ್ಕೆ ನನ್ನ ಅಣ್ಣನಿಗೆ ಮಗಳು ಹುಟ್ಟಿದಳು. ನಾನು ಕೂಸಿನ ಮುಖ ನೋಡುವ ಮೊದಲು ಒಸಡು ಮುಟ್ಟಿ ನೋಡಿದೆ. ಹಾಲುಹಲ್ಲಿನ ಚಿಂತೆಯಿಲ್ಲ, ಅದರ ಹಿಂದಿನವು ಮುಖ್ಯ. ಆ ಹಲ್ಲು ಒಳಗೆ ತಯಾರಾಗುವ ನಾಲ್ಕೈದು ವರ್ಷ ಒಳ್ಳೆಯ ನೀರು ಕುಡಿಸಿದರೆ ಬೆಳ್ಳಗೆ ಬರುತ್ತವೆ. ಮಸ್ಕಿಯಿಂದ ಕ್ಯಾನು ತುಂಬಿಸಿ ಕಳಿಸತೊಡಗಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ಬೀಗರು ಬಂದಾಗ ಕೊಡಲಿಕ್ಕೆ ಅಂತ ಮೂಲೆಯಲ್ಲಿ ಜೋಡಿಸಿಟ್ಟಳು. "ಸಪ್ಪಗೈತಿ ಅದು, ಕೂಸು ಒಲ್ಲೆ ಅಂತದ. ಬೋರಿನ ನೀರs ರುಚಿ" ಅಂದಳು. ಬೇಳೆಗೂ ಅದೇ ನೀರು, ಅಂಗನವಾಡಿಯ ಗಂಜಿಗೂ ಅದೇ ನೀರು. ಒಂದು ಮನೆಗೆ ಕ್ಯಾನು ಸಾಕಾಗುವ ಮಾತಲ್ಲ, ಊರಿಗೇ ಶುದ್ಧ ನೀರಿನ ಘಟಕ ಬೇಕಾಗಿತ್ತು.

ಅರ್ಜಿ ಹಿಡಿದು ಊರ ಹಿರಿಯರ ಜೊತೆ ನೀರು ಸರಬರಾಜಿನ ಕಚೇರಿಗೆ ಹೋದೆ. ನೀರಿನ ಪರೀಕ್ಷೆಯ ಚೀಟಿಯೂ ಇತ್ತು. ಅಲ್ಲಿನ ಇಂಜಿನಿಯರರು ಕೆಟ್ಟವರಲ್ಲ, ಕುರ್ಚಿ ಕೊಟ್ಟು ಮಾತಾಡಿಸಿದರು. "ನೀರಾಗ ಐತಿ ಅನ್ನೋದು ಖರೆರಿ. ಆದ್ರ ಮಂದಿಗೆ ಅದರಿಂದ ತ್ರಾಸ ಆಗೈತಿ ಅಂತ ಯಾರರ ಬರದುಕೊಡಬೇಕಲ್ಲ. ನೀವು ಬರದ್ರ, ನೀವು ಅದs ಊರಿನೋರು ಅಂತಾರ ಮ್ಯಾಲಿನವರು. ನಿಮ್ಮ ಸಂಘದ್ದು ಏನರ ಇದ್ರ ತರ್ರಿ. ನಿಮ್ಮೂರನ್ನ ಪಟ್ಟಿ ಮ್ಯಾಲಕ ಹಾಕತೀನಿ."

ಸಂಘ ಅಂದರೆ ಅವರೇ. ಆಗ ಅವರು ಸಂಘದ ಚರಿತ್ರೆ ಬರೆಯುತ್ತಿದ್ದರು. ನಾಲ್ಕು ಅಧ್ಯಾಯ ದೇಶದ್ದು, ಐದನೆಯದು ನಮ್ಮ ಶಾಖೆಯದು. ಕನ್ನಡದಲ್ಲಿ ಇಂಥದು ಇದೇ ಮೊದಲು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ನನ್ನ ಅಕ್ಷರ ಚೆನ್ನಾಗಿದೆ ಅಂತ ಐದನೆಯ ಅಧ್ಯಾಯ ಶುದ್ಧಪ್ರತಿ ಮಾಡಲು ನನಗೆ ಕೊಟ್ಟಿದ್ದರು. ಅದರಲ್ಲಿ ನಮ್ಮೂರ ಶಿಬಿರವೂ ಇತ್ತು: 'ಅಶುಚಿತ್ವದಿಂದ ಕಪ್ಪಾದ ಹಲ್ಲುಗಳ ಮಕ್ಕಳಿಗೆ ಹಲ್ಲುಜ್ಜುವುದನ್ನು ಕಲಿಸಲಾಯಿತು.' ನಾನು ಅದನ್ನು ಬಿಟ್ಟು ಬೇರೆ ಒಂದು ಸಾಲು ಬರೆದೆ: 'ಈ ಊರುಗಳ ಮಕ್ಕಳ ಹಲ್ಲು ಕಂದಾಗಲು ಕಾರಣ ಕುಡಿಯುವ ನೀರು, ತಿಕ್ಕದಿರುವುದಲ್ಲ.'

ಎಂಟು ದಿನಕ್ಕೆ ಪ್ರತಿ ವಾಪಸ್ ಬಂತು. ಆ ಸಾಲಿನ ಮೇಲೆ ಕೆಂಪು ಪೆನ್ಸಿಲಿನ ಗೀಟು, ಪಕ್ಕದಲ್ಲಿ 'ಬೇಡ'. ಫೋನು ಮಾಡಿ ಕೇಳಿದರೆ, "ಚರಿತ್ರೆ ಬರಿಯೋದು ನನಗ ಬಿಡವ್ವ, ನೀ ಹಲ್ಲು ಕೀಳು" ಅಂದರು.

ಅದಾದ ಮೇಲೆ ಬಂತು ಆ ಮಧ್ಯಾಹ್ನ. ಹಟ್ಟಿಯ ಚಿನ್ನದ ಗಣಿಯ ಕಾರ್ಮಿಕರಿಗೆ ಸಂಘದ ಶಿಬಿರವಿತ್ತು. ಶಿಬಿರ ಮುಗಿಸಿ ಕ್ವಾರ್ಟರ್ಸಿನಲ್ಲಿ ಯಾರೋ ಪ್ರೀತಿಯಿಂದ ಊಟಕ್ಕೆ ಕರೆದು, ಶೇಂಗಾ ಚಟ್ನಿ ಹಚ್ಚಿದ ಕಟಕು ರೊಟ್ಟಿಯನ್ನು ಕೈಗೇ ಕೊಟ್ಟಿದ್ದಾರೆ. ಎದುರಿಗೆ ಗಣಿಯ ದೊಡ್ಡ ಸಾಹೇಬರು ನಿಂತಿದ್ದರು. ಅವರ ಮುಂದೆ ಒಲ್ಲೆ ಅನ್ನಲಾಗದೆ ಇವರು ಕಡಿದಿದ್ದಾರೆ. ಆಮೇಲೆ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕಾರು ಹತ್ತಿದವರು ಲಿಂಗಸುಗೂರು ದಾಟಿ, ಸಿಂಧನೂರಿನ ಸ್ವಂತ ಕ್ಲಿನಿಕ್ಕಿಗೆ ಹೋಗದೆ, ನಡುವೆ ಮಸ್ಕಿಯಲ್ಲಿ ನನ್ನ ಬಾಗಿಲಲ್ಲಿ ಇಳಿದರು. ಒಳಗೆ ಬಂದು ತಾವೇ ಬಾಗಿಲು ಹಾಕಿದರು. ಕರವಸ್ತ್ರ ಬಿಚ್ಚಿ ಅಂಗೈ ಮುಂದೆ ಮಾಡಿದರು. ಅದರಲ್ಲಿ ಉಗುರಿನಷ್ಟು ಅಗಲದ ಬಿಳಿ ಪದರ, ಹಲ್ಲಿನ ಮೇಲೆ ಅಂಟಿಸುವಂಥದ್ದು. ನಾವು ವಿನೀರ್ ಅನ್ನುತ್ತೇವೆ.

ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ, ನಾನು ಎರಡು ಬೆರಳಿನಿಂದ ಅವರ ಮೇಲ್ದುಟಿ ಎತ್ತಿದೆ.

ಕಂದು. ನನ್ನದಕ್ಕಿಂತ ದಟ್ಟ ಕಂದು, ನಡುವೆ ಅಡ್ಡಗೆರೆ, ಅಂಚಿನಲ್ಲಿ ಹುಳ ತಿಂದ ಹಾಗೆ ಗುಳಿ. ಮುಂದಿನ ಉಳಿದ ಹಲ್ಲುಗಳ ಮೇಲೂ ಬಿಳಿ ಪದರವೇ ಇತ್ತು. ಇಂಥ ಹಲ್ಲಿನ ಮೇಲೆ ಅಂಟು ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ನೆನೆಸಿದ ರೊಟ್ಟಿ, ಅದಕ್ಕೇ ಮುಟ್ಟದ ಪೇರಲ, ಅದಕ್ಕೇ ಪ್ರತಿ ಫೋಟೊದಲ್ಲೂ ಮುಚ್ಚಿದ ತುಟಿ. ಹುಟ್ಟಿದ ಮೇಲೆ ಮೊದಲ ನಾಲ್ಕೈದು ವರ್ಷ ಎಲ್ಲಿಯ ನೀರು ಕುಡಿದೆ ಅನ್ನುವುದನ್ನು ಹಲ್ಲು ಸಾಯುವ ತನಕ ಇಟ್ಟುಕೊಂಡಿರುತ್ತದೆ. ಇದು ಕಾಲುವೆಯ ಬಾಯಿ ಅಲ್ಲ. ಇದು ನಮ್ಮ ಸೀಮೆಯ ಬಾವಿಯ ಬಾಯಿ.

ನಾನು ತುಟಿ ಬಿಡಲಿಲ್ಲ. ಹಾಗೇ ಎತ್ತಿ ಹಿಡಿದುಕೊಂಡು ಕೇಳಿದೆ.

"ಸರ್, ದಿನಾ ಹಲ್ಲ ತಿಕ್ಕತೀರೇನ್ರಿ?"

ತುಟಿ ನನ್ನ ಕೈಯಲ್ಲಿತ್ತು. ಅವರಿಗೆ ಮಾತಾಡಲಾಗಲಿಲ್ಲ. ಕಣ್ಣು ಮಾತ್ರ ನನ್ನ ಮೇಲೆ ನಿಂತಿತು. ಬೆಂಚಿನ ಮೇಲೆ ನಿಂತ ಹುಡುಗಿ ಅವರಿಗೆ ಅವತ್ತು ನೆನಪಾದಳೋ ಏನೋ, ನಾನು ಕೇಳಲಿಲ್ಲ. ನನಗೆ ಬಹಳ ಸುಖವಾಯಿತು. ಸುಳ್ಳು ಯಾಕೆ ಹೇಳಲಿ.

ಆಮೇಲೆ ಕೆಲಸ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಹಲ್ಲು ಒಣಗಿಸಿ, ಪದರ ಕೂಡಿಸಿ, ಬೆಳಕು ಹಿಡಿದು ಗಟ್ಟಿ ಮಾಡಿದೆ. ಎದ್ದು ಕೂತು ಬಾಯಿ ಮುಕ್ಕಳಿಸಿ ಅವರು ಮೆಲ್ಲಗೆ ಹೇಳಿದರು.

"ನಮ್ಮ ಅಜ್ಜನ ಊರು ನಿಮ್ಮ ಕಡೇದs. ಸಣ್ಣಾವಿದ್ದಾಗ ನಾ ಅಲ್ಲೇ ಬೆಳದೆ. ಕಂದು ಹಲ್ಲಿನ ಊರಿಗೆ ಕಾಲುವಿ ಮಂದಿ ಹೆಣ್ಣು ಕೊಡತಿದ್ದಿಲ್ಲ. ನಾ ಓದಾಕ ಹೋದಾಗ ಮುಚ್ಚಿಸ್ಕೊಂಡು ಬಂದೆ. ನಮ್ಮ ಮನಿಯಾಕಿಗೂ ಗೊತ್ತಿಲ್ಲ. ಪುಸ್ತಕದಾಗ ನೀರು ಅಂತ ಬರದ್ರ ಒಬ್ಬರ ಬಾಯಿ ಒಬ್ಬರು ನೋಡಾಕ ಸುರು ಮಾಡತಾರ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವರು ಯಾರೂ ಅನ್ನುವ ಮೊದಲೇ ಜೀವಮಾನವಿಡೀ ಹೆಗಲು ಒರೆಸಿಕೊಂಡು ಬಂದಿದ್ದರು. ಅಯ್ಯೋ ಅನ್ನಿಸಿತು. ಒಂದು ಗಳಿಗೆ. ಅವರ ಬಾಯಿಯನ್ನು ಮುಚ್ಚಲು ಅವರ ಹತ್ತಿರ ವಿನೀರ್ ಇತ್ತು, ಸಫಾರಿ ಇತ್ತು, ಇಡೀ ದೇಶದ ಸಂಘದ ಚರಿತ್ರೆ ಇತ್ತು. ನಮ್ಮ ಹುಡುಗಿಯರಿಗೆ ಇದ್ದದ್ದು ಒಂದು ಕೈ.

"ನಿಮ್ಮ ಹಲ್ಲಿನ ಸುದ್ದಿ ಈ ಬಾಗಲಾ ದಾಟಾಂಗಿಲ್ಲರಿ" ಅಂದೆ. "ನನಗ ಆ ಒಂದು ಸಾಲು ಬೇಕು. ನಮ್ಮ ಅಣ್ಣನ ಮಗಳಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಈಗ ನೀರು ಬದಲಾದ್ರ ಆಕಿ ಹಲ್ಲು ಉಳೀತಾವ. ತಡ ಆದ್ರ ಇಲ್ಲ. ಇದನ್ನ ನಿಮಗ ನಾ ಹೇಳಿಕೊಡಬೇಕಾಗಿಲ್ಲ."

ಅವರು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತರು. "ಬರೀತೀನಿ ತಂಗಿ" ಅಂದರು. "ನಮ್ಮ ಅಜ್ಜನ ಊರಿನ ಆಣಿ. ಬರೀತೀನಿ."

ನಾನು ನಂಬಿದೆ. ಸಿಟ್ಟಿನವರಿಗೆ ಇರುವ ದೊಡ್ಡ ರೋಗ ಇದು, ಒಂದು ಮೆತ್ತನೆಯ ಮಾತು ಸಿಕ್ಕರೆ ಸಾಕು.

ಪುಸ್ತಕ ಬಂತು. ದಪ್ಪ ರಟ್ಟು, ಬಂಗಾರದ ಬಣ್ಣದ ಅಕ್ಷರ. ಬಿಡುಗಡೆಯ ವೇದಿಕೆಯ ಹಿಂದೆ ನಿಂತು ನಾನು ಮೊದಲು ತೆಗೆದದ್ದು ಐದನೆಯ ಅಧ್ಯಾಯ. 'ಅಶುಚಿತ್ವದಿಂದ ಕಪ್ಪಾದ ಹಲ್ಲುಗಳ ಮಕ್ಕಳಿಗೆ' ಅನ್ನುವುದು ಹಾಗೇ ಇತ್ತು. ನೀರು ಅನ್ನುವ ಶಬ್ದ ಇಡೀ ಅಧ್ಯಾಯದಲ್ಲಿ ಒಂದು ಕಡೆ ಮಾತ್ರ ಬಂದಿತ್ತು, ಶಿಬಿರದಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ ದಾನಿಗಳಿಗೆ ಕೃತಜ್ಞತೆ ಹೇಳುವಾಗ. ವೇದಿಕೆಯ ಮೇಲೆ ಅವರು ರಾಷ್ಟ್ರಾಧ್ಯಕ್ಷರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಬಹುದಾಗಿತ್ತು, ಎದ್ದು ಹೋಗಿ ಆ ತುಟಿಯನ್ನು ಎಲ್ಲರೆದುರು ಎತ್ತಬಹುದಾಗಿತ್ತು. ಹಾಗೆ ಮಾಡಿದ್ದರೆ ಅವರಿಗೂ ನನಗೂ ಏನು ವ್ಯತ್ಯಾಸ ಉಳಿಯುತ್ತಿತ್ತು? ಅದಾದ ಮೇಲೆ ಅವರೊಡನೆ ಮಾತು ಬಿಟ್ಟೆ.

ಅರ್ಜಿ ಹಿಡಿದು ಮತ್ತೆ ಕಚೇರಿಗೆ ಹೋದಾಗ ಇಂಜಿನಿಯರರ ಮೇಜಿನ ಮೇಲೆ ಆ ಪುಸ್ತಕವೇ ಇತ್ತು, ಸಹಿ ಹಾಕಿ ಕೊಟ್ಟ ಪ್ರತಿ. ಅವರು ಪಾಪ ಪುಟ ತೆಗೆದು ನನಗೇ ತೋರಿಸಿದರು. "ನಿಮ್ಮ ಸಂಘದವರು ಬ್ಯಾರೆನs ಬರದಾರಲ್ಲರಿ ಮೇಡಂ." ನಮ್ಮೂರು ಪಟ್ಟಿಯ ಕೆಳಗೇ ಉಳಿಯಿತು. ಇನ್ನೂ ಅಲ್ಲೇ ಇದೆ.

ಸಂತಾಪ ಸಭೆಯಿಂದ ಬಂದ ಮರುದಿನ ಊರಿಗೆ ಹೋದೆ. ಅಣ್ಣನ ಮಗಳಿಗೆ ಈಗ ಏಳು ವರ್ಷ. ಮುಂದಿನ ಎರಡು ಹಾಲುಹಲ್ಲು ಬಿದ್ದು ಹೊಸವು ಬರುತ್ತಿವೆ ಅಂತ ವೈನಿ ಫೋನಿನಲ್ಲಿ ಹೇಳಿದ್ದಳು, ಬಣ್ಣ ಹೇಳಿರಲಿಲ್ಲ. ಹುಡುಗಿ ಓಡಿ ಬಂದು, ನನ್ನನ್ನು ಕಂಡು, ನಡುವೆಯೇ ನಿಂತಳು. ಬಾಯಿಗೆ ಕೈ ಅಡ್ಡ ಬಂತು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

"ತೋರ್ಸಬೇ ನನ್ನ ಬಂಗಾರ."

"ಅತ್ತಿ, ನಾ ದಿನಾ ಎರಡ ಸಲ ತಿಕ್ಕತೀನಿ. ಸುಳ್ಳಲ್ಲ. ಬೇಕಾದ್ರ ಮೂಸಿ ನೋಡು."

ಕೈ ತೆಗೆದು ನನ್ನ ಮುಖದ ಮೇಲೆ ಹಾ ಅಂತ ಉಸಿರು ಬಿಟ್ಟಳು. ಪೇಸ್ಟಿನ ವಾಸನೆ ಬಂತು. ಎರಡು ಹಲ್ಲೂ ಕಂದು.

"ನಿಂದೇನೂ ತಪ್ಪಿಲ್ಲವ್ವ. ಅದು ನೀರಿಂದು."

"ನಮ್ಮ ಸಾಲ್ಯಾಗ ಹಲ್ಲಿನ ಡಾಕ್ಟರ ಪುಸ್ತಕ ಐತಿ. ಅದರಾಗ ಹಂಗ ಇಲ್ಲಂತ, ಟೀಚರ್ ಹೇಳ್ಯಾರ."

ಹೌದು, ಶಿಬಿರ ನಡೆದ ಪ್ರತಿ ಶಾಲೆಗೂ ಅವರು ಒಂದೊಂದು ಪ್ರತಿ ಹಂಚಿದ್ದರು. ಸೋಮವಾರ ಕ್ಲಿನಿಕ್ಕು ತೆರೆಯದೆ ಅವಳ ಜೊತೆ ಶಾಲೆಗೆ ಹೋದೆ. ಟೀಚರು ಬೀರು ತೆಗೆದು ಪುಸ್ತಕ ಕೊಟ್ಟರು. ನಾನು ಐದನೆಯ ಅಧ್ಯಾಯದಲ್ಲಿ ನಮ್ಮೂರ ಹೆಸರಿದ್ದ ಪುಟ ತೆಗೆದು, ಕೆಳಗಿನ ಖಾಲಿ ಜಾಗದಲ್ಲಿ, ಸರ್ ಮೆಚ್ಚಿದ್ದ ನನ್ನ ಅಕ್ಷರದಲ್ಲೇ, ಎರಡು ಸಾಲು ಬರೆದು ನನ್ನ ಸಹಿ ಹಾಕಿದೆ. ಟೀಚರು ಬೇಡ ಅನ್ನಲಿಲ್ಲ. ಅವರೂ ನಮ್ಮ ಸೀಮೆಯವರೇ.

ಹುಡುಗಿ ಪುಸ್ತಕವನ್ನು ಎಳೆದುಕೊಂಡಳು. ಅದು ಅವಳಿಗೆ ಭಾರ, ಒಂದು ಕೈ ಹಿಡಿಯಲಿಕ್ಕೇ ಬೇಕು, ಇನ್ನೊಂದು ಕೈಯ ಬೆರಳು ಅಕ್ಷರದ ಕೆಳಗೆ. ಬಾಯಿಗೆ ಅಡ್ಡ ಹಿಡಿಯಲು ಕೈ ಉಳಿಯಲಿಲ್ಲ. ಇಡೀ ತರಗತಿಯ ಮುಂದೆ ಗಟ್ಟಿಯಾಗಿ, ಕೂಡಿಸಿ ಕೂಡಿಸಿ ಓದಿದಳು.

"ಈ ಊರಿನ ಮಕ್ಕಳ ಹಲ್ಲು ಕಂದಾಗಲು ಕಾರಣ ಕುಡಿಯುವ ನೀರು, ತಿಕ್ಕದಿರುವುದಲ್ಲ. ಇದು ಈ ಪುಸ್ತಕ ಬರೆದವರಿಗೆ ಗೊತ್ತಿತ್ತು."

ಓದಿ ಮುಗಿಸಿ ಬೆರಳನ್ನು ಕೊನೆಯ ಶಬ್ದದ ಮೇಲೆ ಹಾಗೇ ಇಟ್ಟುಕೊಂಡು ನನ್ನ ಕಡೆ ನೋಡಿದಳು.

"ಗೊತ್ತಿತ್ತಂದ್ರ ಮತ್ತ ಯಾಕ ಬರೀಲಿಲ್ಲ ಅತ್ತಿ?"